ಮಾರ್ಚ್‌ನಲ್ಲಿ ಸತ್ತ ಜೀವಕೋಶ ಜುಲೈನಲ್ಲಿ ಯಾಕೆ ಸಾಯಲಿಲ್ಲ? ಲೇಸರ್–ಅಲ್ಟ್ರಾಸೌಂಡ್ ಪ್ರಯೋಗದಲ್ಲಿ ದೋಷ ಹುಡುಕುವ ಬಗೆ

ಜುಲೈ ಎರಡನೇ ವಾರ. ಮಡಿಕೇರಿಯಲ್ಲಿ ಮಳೆ ಹಿಡಿದು ಹನ್ನೊಂದು ದಿನವಾಗಿತ್ತು. ಮೈಕ್ರೋಸ್ಕೋಪಿನ ಕೆಳಗೆ ಜೀವಕೋಶ ಬೆಳೆಸಿದ ನಾಲ್ಕು ಡಿಶ್‌ಗಳನ್ನು ಒಂದಾದ ಮೇಲೊಂದು ಇಟ್ಟು ನೋಡಿದೆ. ಮೊದಲನೆಯದಕ್ಕೆ ಏನೂ ಕೊಟ್ಟಿಲ್ಲ. ಎರಡನೆಯದಕ್ಕೆ ಲೇಸರ್ ಮಾತ್ರ. ಮೂರನೆಯದಕ್ಕೆ ಅಲ್ಟ್ರಾಸೌಂಡ್ ಮಾತ್ರ. ನಾಲ್ಕನೆಯದಕ್ಕೆ ಎರಡೂ ಒಟ್ಟಿಗೆ. ನಾಲ್ಕೂ ಒಂದೇ ಥರ ಕಂಡವು. ಕಲ್ಲು ಹಾಸಿದ ಅಂಗಳದ ಹಾಗೆ ಜೀವಕೋಶಗಳು ಒತ್ತೊತ್ತಾಗಿ, ಆರಾಮಾಗಿ ಕೂತಿದ್ದವು.

ಮಾರ್ಚ್‌ನಲ್ಲಿ ಇದೇ ಸೆಟ್ಟಿಂಗ್‌ನಲ್ಲಿ ನಾಲ್ಕನೇ ಡಿಶ್‌ನ ನಡುವೆ ಕೋಶಗಳು ಸತ್ತು ಬೋಳು ಬಿದ್ದಿತ್ತು. ಯಾರೂ ಗುಂಡಿ ಮುಟ್ಟಿಲ್ಲ, ಬಟನ್ ತಿರುಗಿಸಿಲ್ಲ. ಹಾಗಾದರೆ ಬದಲಾಗಿದ್ದೇನು? ಇದನ್ನು ಹುಡುಕಲು ನಮಗೆ ಸುಮಾರು ಮೂರು ವಾರ ಬೇಕಾಯಿತು. ಮಳೆಯ ಊರಲ್ಲಿ ಇಂಥ ಪ್ರಯೋಗ ಇಟ್ಟುಕೊಂಡವರಿಗೆ ಆ ಮೂರು ವಾರ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಏನಾಗಬೇಕಿತ್ತು

ರಕ್ತನಾಳದ ಒಳಗೋಡೆಗೆ ಒಂದೇ ಪದರ ಜೀವಕೋಶಗಳ ಹಾಸು ಇರುತ್ತದೆ. ಇವೇ ಎಂಡೋಥೀಲಿಯಲ್ ಕೋಶಗಳು. ಹೆರಿಗೆಯ ನಂತರ ಸಿಗುವ ಹೊಕ್ಕುಳಬಳ್ಳಿಯ ಅಭಿಧಮನಿಯಿಂದ ಇವನ್ನು ತೆಗೆದು ಬೆಳೆಸುವುದು 1973ರಿಂದ ನಡೆದುಬಂದ ಪದ್ಧತಿ. ನಾವು ಬೆಳೆಸುವುದೂ ಅವನ್ನೇ.

ಲೇಸರ್, ಅಲ್ಟ್ರಾಸೌಂಡ್ ಎರಡನ್ನೂ ಒಟ್ಟಿಗೆ ಕೊಡುವ ಚಿಕಿತ್ಸೆಯೊಂದಿದೆ. ಬೇಡದ ಸಣ್ಣ ರಕ್ತನಾಳಗಳನ್ನು ಮುಚ್ಚಿಸುವುದು ಅದರ ಗುರಿ. ಉದಾಹರಣೆಗೆ, ಕಣ್ಣಿನ ಹಿಂಭಾಗದಲ್ಲಿ ಅಡ್ಡಾದಿಡ್ಡಿ ಬೆಳೆಯುವ ನಾಳಗಳು. ಅಮೆರಿಕದ ಕ್ಯಾನ್ಸಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ತಂಡಗಳು ಇದನ್ನು ಮೊಲದ ಕಣ್ಣಿನ ಮೇಲೆ ಮಾಡಿ ನೋಡಿವೆ. ಅಲ್ಟ್ರಾಸೌಂಡ್, ಅಂದರೆ ಕಿವಿಗೆ ಕೇಳದ ಶಬ್ದದ ಅಲೆ, ನಾಳದ ಮೂಲಕ ಹಾದುಹೋಗುವಾಗ ಒತ್ತಡ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಇಳಿದ ಆ ಗಳಿಗೆಯಲ್ಲೇ ಲೇಸರಿನ ಒಂದು ಮಿಡಿತ ಬಿದ್ದರೆ ರಕ್ತದಲ್ಲಿರುವ ಹಿಮೋಗ್ಲೋಬಿನ್ ಬೆಳಕನ್ನು ಹೀರಿ ಫಟ್ಟನೆ ಹಿಗ್ಗುತ್ತದೆ. ಹಿಗ್ಗಿದ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆ ಹುಟ್ಟುತ್ತದೆ. ಅಲ್ಟ್ರಾಸೌಂಡ್ ಆ ಗುಳ್ಳೆಯನ್ನು ಊದಿಸುತ್ತದೆ, ಕುಗ್ಗಿಸುತ್ತದೆ, ಕೊನೆಗೆ ಒಡೆಯುತ್ತದೆ. ಪಕ್ಕದ ಕೋಶದ ಪೊರೆ ಎಳೆದಾಟಕ್ಕೆ ಸಿಕ್ಕಿ ತೂತಾಗುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಪೆಟ್ಟು ಹಗುರವಾಗಿದ್ದರೆ ಕೋಶ ತೂತು ಮುಚ್ಚಿಕೊಂಡು ಬದುಕುತ್ತದೆ. ಸ್ವಲ್ಪ ಜೋರಾದರೆ ಕೆಲವು ಗಂಟೆಗಳಲ್ಲಿ ತಾನೇ ತನ್ನನ್ನು ಮುಗಿಸಿಕೊಳ್ಳುತ್ತದೆ. ಇದು ಅಪೊಪ್ಟೋಸಿಸ್. ಇನ್ನೂ ಜೋರಾದರೆ ಅಲ್ಲೇ ಹರಿದುಹೋಗುತ್ತದೆ.

ಒಂದೊಂದನ್ನೇ ಕೊಟ್ಟಾಗ ಏನೂ ಆಗದಷ್ಟು ಕಡಿಮೆ ಶಕ್ತಿ, ಎರಡೂ ಸೇರಿದಾಗ ಕೆಲಸ ಮಾಡುತ್ತದೆ. ಈ ಚಿಕಿತ್ಸೆಯ ಸೊಗಸು ಇರುವುದೇ ಅಲ್ಲಿ. ಕೈಕೊಡುವುದೂ ಅಲ್ಲೇ. ಬೇಕಾದ ಗುಳ್ಳೆ ಹುಟ್ಟಬೇಕಾದರೆ ಬೇಡದ ಗುಳ್ಳೆ ದಾರಿಯಲ್ಲಿ ಇರಬಾರದು, ಸಮಯವೂ ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ ಕೂಡಬೇಕು.

ಮುಂದೆ ಓದುವ ಮೊದಲು ಒಂದು ಮಾತು. ಈ ಲೇಸರ್ ಕಣ್ಣನ್ನು ಒಂದೇ ಮಿಡಿತಕ್ಕೆ ಸುಡಬಲ್ಲದು. 532 ನ್ಯಾನೋಮೀಟರಿನ ಹಸಿರು ಕಾಣುತ್ತದೆ. ಆದರೆ ಅದರ ಮೂಲವಾದ 1064 ನ್ಯಾನೋಮೀಟರಿನ ಬೆಳಕು ಕಾಣುವುದಿಲ್ಲ. ಅದೂ ಸ್ವಲ್ಪ ಸೋರಿಕೊಂಡು ಬರಬಹುದು. ರಕ್ಷಣೆಯ ಕನ್ನಡಕ ಎರಡೂ ತರಂಗಕ್ಕೆ ಆಗುವಂಥದ್ದೇ ಇರಲಿ. ಕೈಗಡಿಯಾರ ತೆಗೆದಿಡಿ, ಅದಕ್ಕೆ ಬಡಿದ ಬೆಳಕು ಕಣ್ಣಿಗೆ ಚಿಮ್ಮಬಹುದು.

ಲಕ್ಷಣ ಒಂದು: ನಾಲ್ಕೂ ಡಿಶ್ ಒಂದೇ ಥರ

ಅಲ್ಟ್ರಾಸೌಂಡ್ ಮಾತ್ರ ಕೊಟ್ಟ ಡಿಶ್‌ನಲ್ಲಿ ಒಂದು ಚೂರೂ ಬದಲಾವಣೆ ಇಲ್ಲ ಅಂದರೆ, ಅಲ್ಟ್ರಾಸೌಂಡ್ ಕೋಶಗಳನ್ನು ತಲುಪುತ್ತಿದೆಯೇ ಅನ್ನುವ ಪ್ರಶ್ನೆಯಿಂದಲೇ ಶುರು ಮಾಡಿ. ಯಂತ್ರದ ಪರದೆ ಏನು ಹೇಳಿದರೂ ನಂಬಬೇಡಿ. ಪರದೆ ಹೇಳುವುದು ಅಲ್ಟ್ರಾಸೌಂಡ್ ಹೊರಡಿಸುವ ತಲೆಯಿಂದ ಹೊರಟ ಶಕ್ತಿಯನ್ನು. ಡಿಶ್‌ಗೆ ಬಂದದ್ದು ಬೇರೆ.

ನಮ್ಮ ಜೋಡಣೆ ಸರಳವಾದದ್ದು. ಗಾಜಿನ ತೊಟ್ಟಿ, ತಳದಲ್ಲಿ ಮೇಲ್ಮುಖವಾಗಿ ಅಲ್ಟ್ರಾಸೌಂಡ್ ತಲೆ, ಅದರಿಂದ 5 ಸೆಂಟಿಮೀಟರ್ ಮೇಲೆ ನೀರಿಗೆ ತಾಗಿಕೊಂಡ ಡಿಶ್. ಲೇಸರ್ ಮೇಲಿಂದ ಬೀಳುತ್ತದೆ. ಅವತ್ತು ಡಿಶ್ ಇದ್ದ ಹಾಗೇ ಕೆಳಗಿಂದ ಟಾರ್ಚ್ ಓರೆಯಾಗಿ ಹಿಡಿದೆ. ಡಿಶ್‌ನ ಅಡಿಯಲ್ಲಿ ಬೆಳ್ಳಿ ಚುಕ್ಕೆಗಳು. ಮಂಜು ಬಿದ್ದ ಬೆಳಿಗ್ಗೆ ಕಾಫಿ ಎಲೆಯ ಮೇಲೆ ಹನಿ ಕೂತಿರುತ್ತದಲ್ವಾ, ಹಾಗೆ. ಆದರೆ ಇವು ನೀರ ಹನಿಗಳಲ್ಲ, ಗಾಳಿಯ ಗುಳ್ಳೆಗಳು.

ನೀರಿನಿಂದ ಗಾಳಿಗೆ ಅಲ್ಟ್ರಾಸೌಂಡ್ ದಾಟುವುದೇ ಇಲ್ಲ ಅನ್ನಬಹುದು. ನೂರಕ್ಕೆ 99ಕ್ಕಿಂತ ಜಾಸ್ತಿ ವಾಪಸ್ ಬರುತ್ತದೆ. ಡಿಶ್‌ನ ಅಡಿಯಲ್ಲಿ ಕೂತ ಗುಳ್ಳೆಗಳ ಪದರ ಎಂದರೆ ಕೋಶಗಳಿಗೆ ಕೊಡೆ ಹಿಡಿದ ಹಾಗೆ.

ಮಾರ್ಚ್‌ನಲ್ಲಿ ಇವು ಯಾಕೆ ಇರಲಿಲ್ಲ? ತಣ್ಣೀರಿನಲ್ಲಿ ಗಾಳಿ ಜಾಸ್ತಿ ಕರಗಿರುತ್ತದೆ. ಮಳೆಗಾಲದಲ್ಲಿ ನಮ್ಮ ನಲ್ಲಿ ನೀರಿಗೆ ಕೈಯಿಟ್ಟರೆ ಮರಗಟ್ಟುತ್ತದೆ. ಅದನ್ನು ತೊಟ್ಟಿಗೆ ಸುರಿದು 37 ಡಿಗ್ರಿಗೆ ಏರಿಸಿದೆವು. ಬಿಸಿಯಾದ ನೀರಿಗೆ ಅಷ್ಟು ಗಾಳಿ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಹೊರಬಂದ ಗಾಳಿ ಸಿಕ್ಕ ಮೇಲ್ಮೈಗೆಲ್ಲ ಅಂಟಿಕೊಂಡಿತು. ಡಿಶ್‌ನ ಅಡಿಗೂ, ಅಲ್ಟ್ರಾಸೌಂಡ್ ತಲೆಯ ಮುಖಕ್ಕೂ. ಬೆಳಿಗ್ಗೆ ಒಲೆ ಮೇಲೆ ಇಟ್ಟ ಪಾತ್ರೆಯ ತಳದಲ್ಲಿ ಕುದಿಯುವ ಎಷ್ಟೋ ಮೊದಲೇ ಸಣ್ಣ ಗುಳ್ಳೆ ಕಾಣುತ್ತದಲ್ಲ, ಅದೇ ಇದು.

ಪರಿಹಾರಕ್ಕೆ ದುಬಾರಿ ಪಂಪ್ ಬೇಕಿಲ್ಲ. ಶುದ್ಧೀಕರಿಸಿದ ನೀರನ್ನು ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸಿ. ಮಡಿಕೇರಿ ಸಮುದ್ರಮಟ್ಟದಿಂದ ಸಾವಿರದ ನೂರು ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಚಿಂತೆ ಇಲ್ಲ. ಗಾಳಿಯನ್ನು ಓಡಿಸುವುದು ಕುದಿತ, 100 ಅನ್ನುವ ಅಂಕಿ ಅಲ್ಲ. ಕುದಿಸಿದ್ದನ್ನು ಬಾಯಿಮಟ್ಟ ತುಂಬಿಸಿ, ಮುಚ್ಚಳ ಬಿಗಿದು ಆರಿಸಿ. ಅರ್ಧ ತುಂಬಿಸಿಟ್ಟರೆ ಗಾಳಿ ಮತ್ತೆ ಕರಗುತ್ತದೆ. ತೊಟ್ಟಿಗೆ ಸುರಿಯುವಾಗ ಎತ್ತರದಿಂದ ಸುರಿಯಬೇಡಿ. ಗೋಡೆಗೆ ತಾಗಿಸಿ ನಿಧಾನಕ್ಕೆ ಇಳಿಸಿ. ಚಹಾ ಎತ್ತಿ ಹೊಯ್ಯುವ ಕೈಚಳಕ ಇಲ್ಲಿ ಬೇಡ. ಡಿಶ್ ಇಡುವಾಗಲೂ ಒಂದು ಅಂಚನ್ನು ಮೊದಲು ತಾಗಿಸಿ, ಓರೆಯಾಗಿ ಮಲಗಿಸಿ. ಆಮೇಲೆ ಟಾರ್ಚ್ ಹಿಡಿದು ನೋಡಿ. ಪ್ರತಿ ಡಿಶ್‌ಗೂ ನೋಡಿ. ಮೊದಲನೆಯದು ಸರಿ ಇತ್ತು ಅಂತ ನಾಲ್ಕನೆಯದನ್ನು ಬಿಟ್ಟುಬಿಡಬೇಡಿ.

ಬೆಳೆಸುವ ದ್ರವದ ಕಥೆಯೂ ಇದೇ. ಫ್ರಿಜ್‌ನಿಂದ 4 ಡಿಗ್ರಿಯಲ್ಲಿ ತೆಗೆದು ನೇರವಾಗಿ ಡಿಶ್‌ಗೆ ಹಾಕಿದರೆ ಕೋಶಗಳ ಮೇಲೆಯೇ ಗುಳ್ಳೆ ಏಳುತ್ತದೆ. ಮೊದಲೇ ಬೆಚ್ಚಗೆ ಮಾಡಿ, ಗುಳ್ಳೆ ಹೋದ ಮೇಲೆ ಹಾಕಿ.

ಲಕ್ಷಣ ಎರಡು: ಮೂರನೆಯದು, ನಾಲ್ಕನೆಯದು ಒಂದೇ ಥರ

ಗುಳ್ಳೆ ತೆಗೆದ ಮೇಲೆ ಮೂರನೇ ಡಿಶ್‌ನಲ್ಲಿ ಅಲ್ಲೊಂದು ಇಲ್ಲೊಂದು ಕೋಶ ಪೆಟ್ಟು ತಿಂದದ್ದು ಕಂಡಿತು. ಖುಷಿಯಾಯಿತು. ಅಲ್ಟ್ರಾಸೌಂಡ್ ತಲುಪುತ್ತಿದೆ. ಆದರೆ ನಾಲ್ಕನೆಯದೂ ಅಷ್ಟಕ್ಕಷ್ಟೇ. ಅಂದರೆ ಲೇಸರ್ ಇದ್ದೂ ಇಲ್ಲದ ಹಾಗೆ. ಇಲ್ಲಿ ಶಕ್ತಿ ಏರಿಸುವ ಆಸೆ ಎಲ್ಲರಿಗೂ ಬರುತ್ತದೆ. ನಮಗೂ ಬಂತು. ಏರಿಸಬೇಡಿ. ಏರಿಸಿದರೆ ಕೋಶ ಸಾಯಬಹುದು, ಆದರೆ ಅದು ಬರೀ ಅಲ್ಟ್ರಾಸೌಂಡಿನ ಕೆಲಸ. ಜೋಡಿಯ ಕೆಲಸ ಅಂದುಕೊಂಡು ನೀವು ಮೋಸ ಹೋಗುತ್ತೀರಿ.

ಮೊದಲು ಸಮಯ ನೋಡಿ. ಲೇಸರ್ ಮಿಡಿತ 5 ನ್ಯಾನೋಸೆಕೆಂಡ್. ಸೆಕೆಂಡಿಗೆ 10 ಸಲ. ನಮ್ಮ ಅಲ್ಟ್ರಾಸೌಂಡ್ 0.5 ಮೆಗಾಹರ್ಟ್ಸ್, ಅಂದರೆ ಒಂದು ಏರಿಳಿತಕ್ಕೆ 2 ಮೈಕ್ರೋಸೆಕೆಂಡ್. ಅದರಲ್ಲಿ ಒತ್ತಡ ಇಳಿದಿರುವುದು ಒಂದೇ ಮೈಕ್ರೋಸೆಕೆಂಡ್. ಆ ಕಿಂಡಿಯೊಳಗೆ ಲೇಸರ್ ಬೀಳಬೇಕು. ಬೆಳಕು ಹೊರಟ ಕ್ಷಣಕ್ಕೇ ಬಂದುಬಿಡುತ್ತದೆ. ಶಬ್ದಕ್ಕೆ ಮಾತ್ರ ತೊಟ್ಟಿಯಲ್ಲಿ ಈಜಿ ಬರಲು ಹೊತ್ತು ಬೇಕು. ಹಾಗಾಗಿ ಅಲ್ಟ್ರಾಸೌಂಡ್ ಹೊರಟು ಇಷ್ಟು ಹೊತ್ತಾದ ಮೇಲೆ ಲೇಸರ್ ಹಾರಿಸು ಅಂತ ಯಂತ್ರಕ್ಕೆ ಒಂದು ವಿಳಂಬ ಹೊಂದಿಸಿರುತ್ತೇವೆ. ಅದನ್ನೇ ಇಲ್ಲಿ ತಡೆ ಅನ್ನುತ್ತೇನೆ.

ಈಗ ಲೆಕ್ಕ. 20 ಡಿಗ್ರಿ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1482 ಮೀಟರ್. 37 ಡಿಗ್ರಿಯಲ್ಲಿ 1524. ವ್ಯತ್ಯಾಸ ನೂರಕ್ಕೆ ಮೂರೂ ಇಲ್ಲ, ಏನು ಮಹಾ ಅನಿಸುತ್ತದೆ. 5 ಸೆಂಟಿಮೀಟರ್ ದಾಟಲು ತಣ್ಣೀರಿನಲ್ಲಿ 33.7 ಮೈಕ್ರೋಸೆಕೆಂಡ್ ಬೇಕು, ಬೆಚ್ಚಗಿನ ನೀರಿನಲ್ಲಿ 32.8. ಅಂತರ 0.9. ಅರ್ಧ ಏರಿಳಿತವೇ 1 ಮೈಕ್ರೋಸೆಕೆಂಡ್ ಅಲ್ವಾ? ಒಂದು ನೀರಿಗೆ ಹೊಂದಿಸಿದ ತಡೆಯನ್ನು ಇನ್ನೊಂದರಲ್ಲಿ ಬಳಸಿದರೆ, ಒತ್ತಡ ತೀರಾ ಇಳಿದಾಗ ಬೀಳಬೇಕಾದ ಲೇಸರ್ ಸರಿಯಾಗಿ ಒತ್ತಡ ಏರಿದಾಗ ಬೀಳುತ್ತದೆ. ಹುಟ್ಟಬೇಕಾದ ಗುಳ್ಳೆಯನ್ನು ಅಲ್ಟ್ರಾಸೌಂಡೇ ಅಮುಕಿ ಕೂರಿಸುತ್ತದೆ.

ಆದರೆ ನಮ್ಮ ಥರ್ಮಾಮೀಟರ್ 37 ತೋರಿಸುತ್ತಿತ್ತು! ಎರಡು ದಿನ ಅದನ್ನೇ ನಂಬಿದೆವು. ಮೂರನೇ ದಿನ ಜಾರಿಬಿದ್ದ ಸ್ಕ್ರೂ ಎತ್ತಲು ತೊಟ್ಟಿಗೆ ಕೈ ಹಾಕಿದೆ. ಮಣಿಕಟ್ಟಿನ ತನಕ ಬೆಚ್ಚಗೆ. ಬೆರಳ ತುದಿಗೆ ಹಿಮದಂಥ ಚಳಿ. ಹೀಟರ್ ಮೇಲ್ಗಡೆ ಇತ್ತು, ಥರ್ಮಾಮೀಟರೂ ಮೇಲ್ಗಡೆ. ಬಿಸಿನೀರು ಮೇಲೆ ತೇಲಿಕೊಂಡು, ತಣ್ಣೀರು ಅಡಿಯಲ್ಲೇ ಉಳಿದಿತ್ತು. ಹಂಡೆ ನೀರು ಕಲಕದೆ ಮೊಗೆದು ಮೈಮೇಲೆ ಸುರಿದುಕೊಂಡ ಯಾರಿಗೂ ಇದು ಗೊತ್ತಿರಬೇಕು. ನನಗೆ ಹೊಳೆಯಲಿಲ್ಲ. ಮಾರ್ಚ್‌ನಲ್ಲಿ ನೀರೂ ಕೋಣೆಯೂ ಬೆಚ್ಚಗಿದ್ದುದರಿಂದ ಮೇಲೆ ಕೆಳಗೆ ಅಷ್ಟು ವ್ಯತ್ಯಾಸ ಇರಲಿಲ್ಲ, ಅಷ್ಟೇ.

ಸಣ್ಣ ಪಂಪ್ ಇಟ್ಟು ನೀರು ನಿಧಾನಕ್ಕೆ ಸುತ್ತುವಂತೆ ಮಾಡಿ. ಗುಳ್ಳೆ ಎಬ್ಬಿಸುವಷ್ಟು ಜೋರು ಬೇಡ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ.

ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿದೆ. ತಡೆಯನ್ನು ಲೆಕ್ಕ ಹಾಕುವ ಬದಲು ಅಳೆದುಬಿಡಿ. ಡಿಶ್ ಇರುವ ಜಾಗದಲ್ಲಿ ಕರಿ ಟೇಪ್ ಅಂಟಿಸಿದ ಖಾಲಿ ಡಿಶ್ ಇಡಿ. ಟೇಪ್ ನೀರಿಗೆ ತಾಗಿರಲಿ. ಲೇಸರ್ ಮಾತ್ರ ಹಾರಿಸಿ. ಬೆಳಕು ಬಿದ್ದ ಕರಿ ಟೇಪ್ ಚಟ್ ಎಂದು ಸದ್ದು ಮಾಡುತ್ತದೆ. ಬೆಳಕು ಸದ್ದಾಗುವ ಈ ಗುಣವನ್ನು ಟೆಲಿಫೋನಿನ ಗ್ರಹಾಂ ಬೆಲ್ 1880ರಲ್ಲೇ ಕಂಡುಕೊಂಡಿದ್ದ. ಆ ಸದ್ದು ತೊಟ್ಟಿಯಲ್ಲಿ ಇಳಿದು ಅಲ್ಟ್ರಾಸೌಂಡ್ ತಲೆಗೆ ಬಡಿಯುತ್ತದೆ. ಬಾಯಿಯಾಗಿದ್ದ ತಲೆಯನ್ನು ಈಗ ಕಿವಿಯಾಗಿಸಿ, ವಿದ್ಯುತ್ ಸಂಕೇತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿಗೆ ಸಿಕ್ಕಿಸಿ. ಲೇಸರ್ ಹಾರಿದ ಎಷ್ಟು ಹೊತ್ತಿಗೆ ಗೆರೆ ಜಿಗಿಯಿತು? ಅವತ್ತಿನ ನೀರಿಗೆ, ಅವತ್ತಿನ ಬಿಸಿಗೆ ಅದೇ ನಿಮ್ಮ ಪ್ರಯಾಣದ ಸಮಯ. ಗೆರೆ ದೊಡ್ಡದಾಗುವ ತನಕ ಲೇಸರಿನ ಜಾಗ ಸರಿಸಿದರೆ ಬೆಳಕೂ ಶಬ್ದವೂ ಒಂದೇ ಕಡೆ ಬೀಳುತ್ತಿವೆಯೇ ಅನ್ನುವುದೂ ಗೊತ್ತಾಗುತ್ತದೆ. ಆಮೇಲೆ ಆ ಸಮಯದ ಆಚೀಚೆ ಕಾಲು ಮೈಕ್ರೋಸೆಕೆಂಡ್‌ನಂತೆ 2 ಮೈಕ್ರೋಸೆಕೆಂಡ್ ಉದ್ದಕ್ಕೂ ಸರಿಸಿ, ಪರಿಣಾಮ ಎಲ್ಲಿ ಜಾಸ್ತಿ ಅಂತ ನೋಡಿ. ಈಗ ಇದನ್ನು ನಾವು ಪ್ರತಿದಿನ ಬೆಳಿಗ್ಗೆ ಮಾಡುತ್ತೇವೆ. ಹತ್ತು ನಿಮಿಷದ ಕೆಲಸ.

ಸಮಯ ಸರಿ ಇದ್ದರೂ ಜೋಡಿ ಕೆಲಸ ಮಾಡದಿದ್ದರೆ

ಬೆಳಕನ್ನು ಹೀರುವವರು ಯಾರು ಅಂತ ಕೇಳಿಕೊಳ್ಳಿ. ಮೈಯೊಳಗಿನ ನಾಳದಲ್ಲಿ ರಕ್ತ ಇದೆ. ಡಿಶ್‌ನಲ್ಲಿ ಇಲ್ಲ. ಎಂಡೋಥೀಲಿಯಲ್ ಕೋಶದ ಒಂದು ಪದರ ಹಸಿರು ಬೆಳಕಿಗೆ ಹೆಚ್ಚುಕಡಿಮೆ ಗಾಜಿನ ಹಾಗೆ. ಬೆಳಕು ತೂರಿಕೊಂಡು ಹೋಗುತ್ತದೆ. ಹೀರಲು ತೊಳೆದ ಕೆಂಪು ರಕ್ತಕಣಗಳನ್ನೋ ಕೋಶಕ್ಕೆ ವಿಷವಾಗದ ಬಣ್ಣವನ್ನೋ ಹಾಕಬೇಕು. ಹಾಕಿದ್ದರೆ, ನಾಲ್ಕೂ ಡಿಶ್‌ಗೆ ಒಂದೇ ಪ್ರಮಾಣ ಹಾಕಿದ್ದೀರಾ ನೋಡಿ. ನಾವೊಮ್ಮೆ ಮೊದಲನೆಯದಕ್ಕೆ ಹಾಕುವುದನ್ನೇ ಮರೆತಿದ್ದೆವು.

ಇಲ್ಲಿ ಒಂದು ಕಳ್ಳ ಇದ್ದಾನೆ. ಬೆಳೆಸುವ ದ್ರವದಲ್ಲಿ ಹುಳಿ ತಿಳಿಯಲು ಫಿನಾಲ್ ರೆಡ್ ಅನ್ನುವ ಬಣ್ಣ ಹಾಕಿರುತ್ತಾರೆ. ಹುಳಿಯಾದರೆ ಹಳದಿ, ಕ್ಷಾರವಾದರೆ ಗುಲಾಬಿ–ನೇರಳೆ. ಕೋಶ ಬೆಳೆಸುವ ಬೆಚ್ಚನೆಯ ಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರಿನಿಂದ ಹೊರಗೆ ತಂದು ಇಟ್ಟರೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಸ್ವಲ್ಪ ಹೊತ್ತಿನಲ್ಲೇ ಬಣ್ಣ ನೇರಳೆಯ ಕಡೆ ತಿರುಗುತ್ತದೆ. ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟಕ್ಕೆ ಮಾಡುವ ಮದ್ದುಸೊಪ್ಪಿನ ಪಾಯಸ ನೆನಪಾಗಬೇಕು, ಅಂಥ ಬಣ್ಣ. ನಮ್ಮ ಕಣ್ಣಿಗೆ ನೇರಳೆ ಅನ್ನಿಸುವುದು ಅದು ಹಸಿರನ್ನು ನುಂಗುವುದರಿಂದ. ನಮ್ಮ ಲೇಸರ್ ಹಸಿರು! ಕೋಶ ಮುಟ್ಟುವ ಮೊದಲೇ ದ್ರವ ತನ್ನ ಪಾಲು ತಿಂದಿರುತ್ತದೆ. ಸರದಿಯಲ್ಲಿ ಕೊನೆಗೆ ಬರುವ ಡಿಶ್‌ಗೆ ಯಾವಾಗಲೂ ಕಡಿಮೆ ಬೆಳಕು. ಪ್ರಯೋಗದ ಹೊತ್ತಿಗೆ ಫಿನಾಲ್ ರೆಡ್ ಇಲ್ಲದ ದ್ರವ ಬಳಸಿ. ಡಿಶ್‌ಗಳ ಸರದಿಯನ್ನೂ ದಿನ ದಿನ ಬದಲಿಸಿ.

ಇನ್ನು ಮಳೆಗಾಲದ ಮಾಮೂಲಿ ಕಾಟ. ಬೆಚ್ಚಗಿನ ಡಿಶ್ ತಣ್ಣಗಿನ ಕೋಣೆಗೆ ಬಂದೊಡನೆ ಮುಚ್ಚಳದೊಳಗೆ ಬೆವರುತ್ತದೆ. ಆ ಹನಿಗಳು ಲೇಸರನ್ನು ಚೆಲ್ಲಾಪಿಲ್ಲಿ ಮಾಡುತ್ತವೆ. ಮುಚ್ಚಳ ತೆಗೆದು ಹಾರಿಸಿ, ಅಥವಾ ಮುಚ್ಚಳವನ್ನು ಬೆಚ್ಚಗಿಡಿ. ಲೆನ್ಸ್‌ಗೆ ಬೂಸು ಬಂದಿದೆಯೇ ನೋಡಿ. ಕೊಡಗಿನಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆ ಹೇಳಬೇಕಿಲ್ಲ, ಜೇಡರ ಬಲೆಯ ಹಾಗೆ ಹಬ್ಬಿರುತ್ತದೆ. ಕೆಲಸ ಮುಗಿದ ಮೇಲೆ ಲೆನ್ಸ್‌ಗಳನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. 1064ನ್ನು 532 ಮಾಡುವ ಹರಳು ಬಿಸಿಯ ಏರುಪೇರಿಗೆ ಮುನಿಸಿಕೊಳ್ಳುವ ವಸ್ತು. ಚಳಿ ಕೋಣೆಯಲ್ಲಿ ಆನ್ ಮಾಡಿದ ಐದೇ ನಿಮಿಷಕ್ಕೆ ಅಳೆದ ಶಕ್ತಿ ಅರ್ಧ ಗಂಟೆಯ ನಂತರ ಇರುವುದಿಲ್ಲ. ಅರ್ಧ ಗಂಟೆ ಕಾಯಿರಿ. ಅಳೆಯುವುದೂ ಲೇಸರಿನ ಬಾಯಲ್ಲಲ್ಲ, ಡಿಶ್ ಇರುವ ಜಾಗದಲ್ಲಿ.

ಲಕ್ಷಣ ಮೂರು: ಉಂಗುರ ಉಂಗುರವಾಗಿ ಸಾವು

ಇದು ಉಲ್ಟಾ ದೋಷ. ಕೋಶ ಸಾಯುತ್ತದೆ, ಆದರೆ ಲೇಸರ್ ಬಿದ್ದ ಕಡೆ ಅಲ್ಲ. ಬೋಳು ಜಾಗ ಉಂಗುರದಂತೆ, ಪಟ್ಟೆಯಂತೆ ಕಾಣುತ್ತದೆ. ಅಲ್ಟ್ರಾಸೌಂಡ್ ಮಾತ್ರ ಕೊಟ್ಟ ಡಿಶ್‌ನಲ್ಲೂ ಹೀಗೇ ಇದ್ದರೆ ಅಪರಾಧಿ ನಿಂತ ಅಲೆ.

ಡಿಶ್‌ನ ದ್ರವದ ಮೇಲೆ ಗಾಳಿ ಇದೆ. ಮೇಲೆ ಹೋದ ಶಬ್ದವೆಲ್ಲ ವಾಪಸ್ ಬರುತ್ತದೆ. ಹೋಗುವ ಅಲೆ, ಬರುವ ಅಲೆ ಸೇರಿ ಕೆಲವು ಎತ್ತರದಲ್ಲಿ ಒತ್ತಡ ಇಮ್ಮಡಿ, ಕೆಲವು ಎತ್ತರದಲ್ಲಿ ಸೊನ್ನೆ. 0.5 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 3 ಮಿಲಿಮೀಟರ್. ಮೇಲ್ಮೈಯಿಂದ ಒಂದೂವರೆ ಮಿಲಿಮೀಟರ್ ಕೆಳಗೆ ಒತ್ತಡ ಸೊನ್ನೆಯ ಹತ್ತಿರ. ಎರಡೂಕಾಲು ಮಿಲಿಮೀಟರ್ ಕೆಳಗೆ ತುತ್ತತುದಿ. ಈಗ 35 ಮಿಲಿಮೀಟರಿನ ಮಾಮೂಲಿ ಡಿಶ್ ತೆಗೆದುಕೊಳ್ಳಿ. 2 ಮಿಲಿಲೀಟರ್ ಹಾಕಿದರೆ ದ್ರವದ ಆಳ ಎರಡು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, ತಳದಲ್ಲಿರುವ ಕೋಶಕ್ಕೆ ಭರ್ಜರಿ ಪೆಟ್ಟು. ಒಂದೂವರೆ ಮಿಲಿಲೀಟರಿಗಿಂತ ಚೂರು ಕಡಿಮೆ ಹಾಕಿದರೆ ಕೋಶಗಳು ಸೊನ್ನೆಯ ಪದರದಲ್ಲಿ ಹಾಯಾಗಿರುತ್ತವೆ. ಪಿಪೆಟ್ ಹಿಡಿದವರ ಕೈ ಒಂದಿಷ್ಟು ಸಡಿಲವಾದರೂ ಫಲಿತಾಂಶ ತಲೆಕೆಳಗು. ದ್ರವ ಅಂಚಿನಲ್ಲಿ ಏರಿ ನಡುವೆ ತಗ್ಗಿರುವುದರಿಂದಲೇ ಉಂಗುರದ ಆಕಾರ.

ಅಳತೆ ಸರಿಯಾಗಿ ಹಾಕುವುದು ತಾತ್ಕಾಲಿಕ ಮದ್ದು. ನಿಜವಾದ ಮದ್ದು ಗಾಳಿಯನ್ನೇ ದೂರ ಮಾಡುವುದು. ತೆಳು ಪ್ಲಾಸ್ಟಿಕ್ ಹಾಳೆಯ ಕಿಟಕಿ ಇರುವ ಮುಚ್ಚಿದ ಪುಟ್ಟ ಡಬ್ಬಿಯಲ್ಲಿ ಕೋಶ ಬೆಳೆಸಿ, ಅದನ್ನು ಪೂರ್ತಿ ನೀರೊಳಗೆ ಮುಳುಗಿಸಿ, ಅಲ್ಟ್ರಾಸೌಂಡ್ ತಲೆಯನ್ನು ಓರೆಯಾಗಿ ಇಡುವುದು. ಬಡಿದು ಬಂದ ಅಲೆ ಬೇರೆ ದಿಕ್ಕಿಗೆ ಹೋಗುತ್ತದೆ. ದೂರ ಬದಲಾಗುತ್ತದೆ, ಕರಿ ಟೇಪಿನ ಪರೀಕ್ಷೆ ಮತ್ತೆ ಮಾಡಬೇಕು. ನಾವು ಈ ದಾರಿಗೆ ಬಂದದ್ದು ತಡವಾಗಿ. ಮೊದಲೇ ಬರಬೇಕಿತ್ತು.

ಲಕ್ಷಣ ನಾಲ್ಕು: ಕಣ್ಣಿಗೆ ಸಾವು ಕಾಣುತ್ತದೆ, ಎಣಿಕೆಯಲ್ಲಿ ಇಲ್ಲ

ಇದು ಯಂತ್ರದ ದೋಷವಲ್ಲ, ನಮ್ಮದು. ಪೆಟ್ಟು ತಿಂದ ಕೋಶ ಡಿಶ್ ಬಿಟ್ಟು ತೇಲುತ್ತದೆ. ಬಣ್ಣ ಹಾಕುವ ಮೊದಲು ನಾವು ಶಿಸ್ತಾಗಿ ಎರಡು ಸಲ ತೊಳೆಯುತ್ತೇವೆ. ತೊಳೆದ ನೀರಿನ ಜೊತೆ ಸತ್ತ ಕೋಶಗಳು ಚರಂಡಿಗೆ. ಉಳಿದ ಗಟ್ಟಿಗರನ್ನು ಎಣಿಸಿ ಪರಿಣಾಮ ಇಲ್ಲ ಅಂತ ಬರೆಯುತ್ತೇವೆ! ತೇಲುವುದನ್ನೂ ತೊಳೆದದ್ದನ್ನೂ ಕೂಡಿಟ್ಟು, ತಳದಿಂದ ಬಿಡಿಸಿದ ಕೋಶಗಳ ಜೊತೆ ಸೇರಿಸಿ ಎಣಿಸಿ.

ಯಾವಾಗ ನೋಡುತ್ತೀರಿ ಅನ್ನುವುದೂ ಮುಖ್ಯ. ಪೊರೆ ಹರಿದದ್ದನ್ನು ಪ್ರೊಪಿಡಿಯಂ ಅಯೋಡೈಡ್ ಅನ್ನುವ ಬಣ್ಣ ಕೂಡಲೇ ತೋರಿಸುತ್ತದೆ. ಆದರೆ ಆ ಬಣ್ಣವನ್ನು ಪ್ರಯೋಗಕ್ಕೆ ಮೊದಲೇ ಹಾಕಿದ್ದರೆ, ಕ್ಷಣ ಮಾತ್ರ ತೂತಾಗಿ ಮತ್ತೆ ಮುಚ್ಚಿಕೊಂಡ ಬದುಕಿರುವ ಕೋಶವೂ ಕೆಂಪಾಗುತ್ತದೆ. ಅಪೊಪ್ಟೋಸಿಸ್ ತೋರಿಸುವ ಅನೆಕ್ಸಿನ್‌ಗೆ ಕೆಲವು ಗಂಟೆ ಕಾಯಬೇಕು. ನಾವು 6 ಗಂಟೆಗೆ ಒಮ್ಮೆ, 24 ಗಂಟೆಗೆ ಒಮ್ಮೆ ನೋಡುತ್ತೇವೆ. ಕೋಶಗಳನ್ನು ತಳದಿಂದ ಬಿಡಿಸಲು ಹಾಕುವ ಟ್ರಿಪ್ಸಿನ್ ಜಾಸ್ತಿ ಹೊತ್ತು ಬಿಟ್ಟರೂ ಪೊರೆಗೆ ಪೆಟ್ಟು ಬಿದ್ದು ಸುಳ್ಳು ಅನೆಕ್ಸಿನ್ ಬರುತ್ತದೆ. ಮತ್ತೆ, ಡಿಶ್‌ನಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಹುಡುಕಬೇಡಿ. ಹರಿಯುವ ರಕ್ತ ಇರುವ ನಾಳದ ಕಥೆ ಅದು.

ಲಕ್ಷಣ ಐದು: ಏನೂ ಕೊಡದ ಡಿಶ್ ಕೂಡ ಸೊರಗಿದೆ

ಲೇಸರ್, ಅಲ್ಟ್ರಾಸೌಂಡ್ ಎರಡನ್ನೂ ಬಿಟ್ಟು ಹಿಂದಿನ ರಾತ್ರಿ ಕರೆಂಟ್ ಹೋಗಿತ್ತೇ ಅಂತ ವಾಚ್‌ಮನ್‌ನ ಕೇಳಿ. ಇಲ್ಲಿ ಮರ ಬಿದ್ದು ಲೈನ್ ಕಡಿದರೆ ಬರುವುದು ಯಾವಾಗಲೋ. ಇನ್‌ಕ್ಯುಬೇಟರ್ ತಣ್ಣಗಾಗಿ, ಬೆಳಗಿನ ಹೊತ್ತಿಗೆ ಮತ್ತೆ 37 ತೋರಿಸುತ್ತಿರುತ್ತದೆ, ಏನೂ ಆಗಿಲ್ಲ ಅನ್ನುವ ಹಾಗೆ. ನೂರು ರೂಪಾಯಿಯ ಗೋಡೆ ಗಡಿಯಾರವೊಂದನ್ನು ಬ್ಯಾಟರಿ ತೆಗೆದು ಅದೇ ಪ್ಲಗ್‌ನ ಅಡಾಪ್ಟರಿಗೆ ಜೋಡಿಸಿಟ್ಟಿದ್ದೇವೆ. ಸರಿಯಾದ ಸಮಯಕ್ಕಿಂತ ಅದು ಎಷ್ಟು ಹಿಂದಿದೆಯೋ ಅಷ್ಟು ಹೊತ್ತು ಕರೆಂಟ್ ಇರಲಿಲ್ಲ.

ಕೋಶ ಎಷ್ಟನೇ ಸಲ ಬೇರೆ ಡಿಶ್‌ಗೆ ಹೋದದ್ದು ಅನ್ನುವುದನ್ನೂ ನೋಡಿ. ಆರನೇ ಸಲ ದಾಟಿದ್ದರೆ ಅವು ಮುದಿಯಾಗಿ, ಅಗಲವಾಗಿ, ಕಲ್ಲುಹಾಸಿನ ಆಕಾರ ಬಿಟ್ಟಿರುತ್ತವೆ. ಅಂಥವು ಯಾವ ಪೆಟ್ಟಿಗೂ ಸರಿಯಾಗಿ ಉತ್ತರ ಕೊಡುವುದಿಲ್ಲ. ಗಡಿಯಾರ ಎರಡು ಗಂಟೆಗಿಂತ ಹಿಂದಿದ್ದರೆ ನಾವು ಅವತ್ತು ಲೇಸರ್ ಆನ್ ಮಾಡುವುದೇ ಇಲ್ಲ. ಡಿಶ್‌ಗಳಿಗೆ ಬ್ಲೀಚ್ ಸುರಿದು, ದ್ರವ ಸಾರಜನಕದ ಕ್ಯಾನಿನಿಂದ ಹೆಪ್ಪುಗಟ್ಟಿಸಿಟ್ಟ ಕೋಶಗಳ ಹೊಸ ಸೀಸೆ ತೆಗೆದು ಕರಗಿಸಲು ಇಡುತ್ತೇವೆ.